ಗಾಳಿ ಹೋಗಲಿ, ಸದ್ದು ನಿಲ್ಲಲಿ

ಒಗ್ಗರಣೆಗೆ ಮೆಣಸಿನಕಾಯಿ ಬಿದ್ದು ಘಾಟು ಎದ್ದ ಕೂಡಲೇ ಮನೆಯವರೆಲ್ಲ 'ಫ್ಯಾನ್ ಹಾಕು' ಎನ್ನುತ್ತಾರೆ. ಘಾಟು ಇಳಿದ ಮರುಕ್ಷಣವೇ 'ಆರಿಸಿಬಿಡು, ತಲೆ ಚಿಟ್ಟು ಹಿಡೀತು' ಎನ್ನುತ್ತಾರೆ. ಹೆಂಚಿನ ಮನೆಗಳಲ್ಲಿ ಹೊಗೆ ಸಂದಿಗೊಂದಿಗಳಿಂದ ತಾನಾಗಿ ಹೊರಗೆ ಹೋಗುತ್ತಿತ್ತು. ಆರ್‌ಸಿಸಿ ತಾರಸಿ ಬಂದು, ಅಡುಗೆಮನೆಯೂ ಬಚ್ಚಲೂ ನಾಲ್ಕು ಗೋಡೆಯೊಳಗೆ ಬಿಗಿದುಕೊಂಡ ಮೇಲೆ ಎಕ್ಸಾಸ್ಟ್ ಫ್ಯಾನ್ ಇಲ್ಲದೆ ನಡೆಯದಂತಾಯಿತು. ಅದರ ಸದ್ದಿಗೆ ಏನಾದರೂ ಪರಿಹಾರ ಕೊಡಿ ಎಂದು ಕೇಳಿದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು ಕಪ್ಪು ಫೋಮಿನ ಹಾಳೆ. ಆ ಹಾಳೆ ಎಲ್ಲಿಂದ ಬಂತು, ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಿಳಿಯಬೇಕಾದರೆ ಸುಮಾರು ನೂರಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಾಗ್ ಕಲಾ ಸಂಗ್ರಹಾಲಯ ತೆರೆಯಿತು. ಅದರ ಉಪನ್ಯಾಸದ ಕೋಣೆಯಲ್ಲಿ ಪಾಠ ಮಾಡುವುದೇ ಕಷ್ಟವಾಯಿತು. ಒಂದು ಮಾತು ಆಡಿದರೆ ಅದರ ಗುಂಗು ಐದೂವರೆ ಸೆಕೆಂಡು ಉಳಿಯುತ್ತಿತ್ತು. ಅಷ್ಟರಲ್ಲಿ ಇನ್ನೂ ಹತ್ತಾರು ಮಾತು ಅದರ ಮೇಲೆ ಬಿದ್ದು ಎಲ್ಲವೂ ಕಲಸಿಹೋಗುತ್ತಿದ್ದವು. ಇದಕ್ಕೊಂದು ದಾರಿ ಹುಡುಕಿ ಎಂದು ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಹೇಳಿದ್ದು 27 ವರ್ಷದ ಭೌತಶಾಸ್ತ್ರದ ಅಧ್ಯಾಪಕ ವಾಲೇಸ್ ಸಬೈನ್‌ಗೆ.

ಸಬೈನ್ ಕೆಲಸ ಮಾಡಿದ್ದು ರಾತ್ರಿ ಹೊತ್ತು, ಊರು ಮಲಗಿದ ಮೇಲೆ. ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಆಸನಗಳ ದಿಂಬುಗಳನ್ನು ಹೊತ್ತು ತಂದು ಕೋಣೆಯಲ್ಲಿ ಹರಡುವುದು, ಆರ್ಗನ್ನಿನ ಒಂದು ಕೊಳವೆ ಊದಿಸುವುದು, ಸದ್ದು ಕಿವಿಗೆ ಪೂರ್ತಿ ಕೇಳದಾಗುವವರೆಗಿನ ಸಮಯ ಅಳೆಯುವುದು, ಬೆಳಗಾಗುವುದರೊಳಗೆ ದಿಂಬುಗಳನ್ನು ಇದ್ದಲ್ಲಿಗೇ ಮುಟ್ಟಿಸುವುದು. ಅವರ ಕಟ್ಟುನಿಟ್ಟು ಎಷ್ಟಿತ್ತೆಂದರೆ, ತಾನು ತೊಟ್ಟ ಬಟ್ಟೆ ಬದಲಾದರೂ ಅಳತೆ ಬದಲಾಗುತ್ತದೆ ಎಂದು ಗೊತ್ತಾದಾಗ ಅಲ್ಲಿಯವರೆಗಿನ ಸಾವಿರಾರು ಅಳತೆಗಳನ್ನು ಬದಿಗಿಟ್ಟು, ಮುಂದೆ ಒಂದೇ ಬಗೆಯ ಉಡುಪು ತೊಟ್ಟು ಮತ್ತೆ ಮೊದಲಿಂದ ಶುರು ಮಾಡಿದರು. ದಿಂಬು ತುಂಬುತ್ತ ಹೋದಂತೆ ಗುಂಗು ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯಿತು. ಈ ಲೆಕ್ಕದ ಬಲದ ಮೇಲೆಯೇ 1900ರಲ್ಲಿ ಬಾಸ್ಟನ್ ಸಿಂಫನಿ ಹಾಲ್ ಎದ್ದಿತು.

ಯಾವ ವಸ್ತು ಎಷ್ಟು ಸದ್ದು ಹೀರುತ್ತದೆ ಎಂದು ಹೇಳಲು ಸಬೈನ್‌ಗೆ ಒಂದು ಮಾನದಂಡ ಬೇಕಿತ್ತು. ಅವರು ಆರಿಸಿಕೊಂಡಿದ್ದು ತೆರೆದ ಕಿಟಕಿಯನ್ನು. ಅದರ ಮೂಲಕ ಹೊರಗೆ ಹೋದ ಸದ್ದು ಮರಳಿ ಬರುವುದಿಲ್ಲ, ಹಾಗಾಗಿ ಅದು ನೂರಕ್ಕೆ ನೂರು ಹೀರಿದ ಲೆಕ್ಕ. ಆದರೆ ಅದೇ ಕಿಟಕಿ ಹೊರಗಿನ ಸದ್ದನ್ನು ತಡೆಯುವುದಿಲ್ಲ. ಎಕ್ಸಾಸ್ಟ್ ಫ್ಯಾನಿನ ತೊಡಕೆಲ್ಲ ಇರುವುದು ಇಲ್ಲಿಯೇ. ಕೋಣೆಯ ಸದ್ದನ್ನು ಹೀರುವುದು ಒಂದು ಕೆಲಸ, ಆಚೆಯ ಸದ್ದು ಈಚೆ ಬಾರದಂತೆ ತಡೆಯುವುದು ಬೇರೆಯೇ ಕೆಲಸ. ಹೀರಲು ಹಗುರವಾದ, ಗಾಳಿಯಾಡುವ ವಸ್ತು ಬೇಕು. ತಡೆಯಲು ಭಾರ ಬೇಕು. ಗೋಡೆಯ ತೂಕ ಎರಡರಷ್ಟಾದರೆ ದಾಟಿ ಬರುವ ಸದ್ದು ಹೆಚ್ಚುಕಡಿಮೆ 6 ಡೆಸಿಬೆಲ್ ಇಳಿಯುತ್ತದೆ. ಆದರೆ ಫ್ಯಾನ್ ಕೂತಿರುವುದೇ ಗೋಡೆಯ ತೂತಿನಲ್ಲಿ. ಅದನ್ನು ಮುಚ್ಚಿದರೆ ಫ್ಯಾನ್ ಇದ್ದೂ ಇಲ್ಲದಂತೆ.

ಗಾಳಿಗೆ ದಾರಿ ಬಿಟ್ಟು ಸದ್ದನ್ನು ಮಾತ್ರ ದಾರಿಯಲ್ಲೇ ಸವೆಸುವ ಯೋಚನೆಯ ಒಂದು ಎಳೆ ಬಂದಿದ್ದು ಬಂದೂಕಿನ ಕಡೆಯಿಂದ. ಮಷಿನ್ ಗನ್ ಕಂಡುಹಿಡಿದ ಹೈರಮ್ ಮ್ಯಾಕ್ಸಿಮ್ ಅವರ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಬಂದೂಕಿನ ಸೈಲೆನ್ಸರ್‌ಗೆ ಪೇಟೆಂಟ್ ಪಡೆದರು. ನಳಿಗೆಯಿಂದ ನುಗ್ಗುವ ಅನಿಲವನ್ನು ಸುತ್ತುಬಳಸಿ ನಡೆಸಿ ಅದರ ರಭಸ ಇಳಿಸುವುದು ಅದರ ಉಪಾಯ. ಎಂಜಿನ್ನುಗಳಿಗೂ ಅದೇ ಯೋಚನೆಯನ್ನು ಹೊಂದಿಸಿದ ಅವರ ಕಂಪನಿ 1930ರ ದಶಕದ ಹೊತ್ತಿಗೆ ಮನೆಯ ಕಿಟಕಿಗೇ ಒಂದು ಪೆಟ್ಟಿಗೆ ತಂದಿತು. ಗಾಳಿ ಒಳಗೆ ಬರುತ್ತದೆ, ಬೀದಿಯ ಗದ್ದಲ ಅಲ್ಲಿಯೇ ನಿಲ್ಲುತ್ತದೆ. ಇಂದು ದೊಡ್ಡ ಕಟ್ಟಡಗಳ ಗಾಳಿಕೊಳವೆಗಳಿಗೆ ಒಳಮೈಯಲ್ಲಿ ಹೀರುವ ವಸ್ತು ಹೊದಿಸಿ, ಒಂದೆರಡು ತಿರುವು ಕೊಟ್ಟು ಸದ್ದು ಇಳಿಸುವುದರ ಹಿಂದೆಯೂ ಇದೇ ಬುದ್ಧಿ.

ಹೀರುವ ವಸ್ತುಗಳೂ ಬದಲಾಗುತ್ತ ಬಂದವು. ಮೊದಲು ಪ್ರಾಣಿಗಳ ಕೂದಲಿನ ಫೆಲ್ಟ್ ಇತ್ತು. ಬೆಂಕಿಗೆ ಅಂಜದ ಆಸ್ಬೆಸ್ಟಾಸ್ ಆಮೇಲೆ ಬಂತು, ಅದರ ಎಳೆ ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತದೆಂದು ಖಚಿತವಾಗುವಷ್ಟರಲ್ಲಿ ಬಹಳ ಜನ ಬೆಲೆ ತೆತ್ತಿದ್ದರು. 1930ರ ದಶಕದಲ್ಲಿ ಅಮೆರಿಕದ ಗಾಜಿನ ಕಾರ್ಖಾನೆಯೊಂದರಲ್ಲಿ ಕರಗಿದ ಗಾಜಿಗೆ ರಭಸದ ಗಾಳಿ ಹಾಯಿಸಿ ಎಳೆ ತೆಗೆಯುವುದು ಕೈಗೂಡಿ ಗ್ಲಾಸ್ ವೂಲ್ ಹುಟ್ಟಿತು. 1937ರಲ್ಲಿ ಜರ್ಮನಿಯ ಓಟ್ಟೋ ಬೇಯರ್ ಪಾಲಿಯುರೆಥೇನ್ ಕಂಡುಹಿಡಿದರು. ಹಾಸಿಗೆ, ಸೋಫಾಗಳ ಫೋಮ್ ಅದರ ಸಂತಾನ. ಅಂಗಡಿಯ ಕಪ್ಪು ಹಾಳೆಯೂ ಬಹುಮಟ್ಟಿಗೆ ಅದೇ.

ಈ ಫೋಮಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. 2003ರ ಫೆಬ್ರುವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಸ್ಟೇಷನ್ ಎಂಬ ನೈಟ್‌ಕ್ಲಬ್ಬಿನಲ್ಲಿ ವೇದಿಕೆಯ ಪಟಾಕಿಯ ಕಿಡಿ ಗೋಡೆಗೆ ಅಂಟಿಸಿದ್ದ ಫೋಮಿಗೆ ತಗುಲಿ 100 ಜನ ಸತ್ತರು. 2013ರ ಜನವರಿಯಲ್ಲಿ ಬ್ರೆಜಿಲ್‌ನ ಸಾಂತಾ ಮಾರಿಯಾದ ಕಿಸ್ ಕ್ಲಬ್ಬಿನಲ್ಲೂ ಹಾಗೆಯೇ ಆಗಿ 242 ಜನ ಹೋದರು. ಎರಡೂ ಕಡೆ ಫೋಮ್ ಹಾಕಿದ್ದು ಸದ್ದು ತಗ್ಗಿಸಲೆಂದೇ. ಹೊತ್ತಿದ ಪಾಲಿಯುರೆಥೇನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್ ಎರಡೂ ಇರುತ್ತವೆ. ಒಲೆಯ ಮೇಲಿನ ಎಣ್ಣೆಯ ಆವಿ ಎಳೆಯುವ ಫ್ಯಾನಿನ ಸುತ್ತ ಅದನ್ನು ಅಂಟಿಸುವುದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ.

ಅಷ್ಟಕ್ಕೂ ಅದರಿಂದ ಸಿಗುವ ಲಾಭವಾದರೂ ಎಷ್ಟು? ನಮ್ಮ ಕರೆಂಟು 50 ಹರ್ಟ್ಸ್, ಅದರ ಒಂದೊಂದು ಸುತ್ತಿಗೂ ಮೋಟಾರು ಎರಡು ಸಲ ಅದುರುವುದರಿಂದ ಗುಂಯ್‌ಗುಡುವಿಕೆ 100 ಹರ್ಟ್ಸ್‌ನಲ್ಲಿರುತ್ತದೆ. ಅಂಥ ಸದ್ದಿನ ಒಂದು ಅಲೆಯ ಉದ್ದ ಸುಮಾರು 3.4 ಮೀಟರ್. ಒಂದಿಂಚಿನ ಫೋಮ್ ಅದನ್ನು ಹೀರಲಾರದು. ಅದು ತಗ್ಗಿಸುವುದು ಕೀರಲು ಸದ್ದನ್ನು ಮಾತ್ರ. ಬಚ್ಚಲಿಗೆ ತೆಂಗಿನ ನಾರಿನ ಹಾಳೆ ಸಿಕ್ಕೀತು, ಆದರೆ ತೆಳುವಾಗಿದ್ದರೆ ಅದರದೂ ಅದೇ ಕತೆ.

ಹಾಗಾದರೆ ಮಾಡುವುದೇನು? ಮೊದಲು ಮೇನ್ ಆಫ್ ಮಾಡಿ ಫ್ಯಾನ್ ಬಿಚ್ಚಿ ನೋಡಿ. ರೆಕ್ಕೆಗಳ ಅಂಚಿನಲ್ಲಿ ಎಣ್ಣೆ, ದೂಳು ಸೇರಿ ಕಂದು ಬಣ್ಣದ ಜಿಗುಟು ಮೆತ್ತಿರುತ್ತದೆ, ಒಂದು ರೆಕ್ಕೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ತೂಕ ಏರುಪೇರಾಗಿ ಫ್ಯಾನ್ ಅದುರುತ್ತದೆ, ಆ ಅದುರು ಗೋಡೆಗೂ ಕಿಟಕಿಯ ಚೌಕಟ್ಟಿಗೂ ಹಬ್ಬಿ, ಗೋಡೆಯೇ ಸದ್ದು ಮಾಡತೊಡಗುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ರೆಕ್ಕೆ ತೊಳೆಯಿರಿ, ಮೋಟಾರಿಗೆ ನೀರು ತಾಗಿಸಬೇಡಿ. ಬುಶ್ ಒಣಗಿದ್ದರೆ ಎಣ್ಣೆ, ಬೇರಿಂಗ್ ಸವೆದಿದ್ದರೆ ಹೊಸದು. ಮರಳಿ ಕೂರಿಸುವಾಗ ಪ್ರತಿ ಬೋಲ್ಟಿನ ಎರಡೂ ಬದಿಗೆ ರಬ್ಬರ್ ವಾಷರ್ ಹಾಕಿ, ಲೋಹ ಚೌಕಟ್ಟಿಗೆ ತಾಗದಂತೆ ನೋಡಿ. ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿಕೊಂಡರೂ ನಡೆಯುತ್ತದೆ. ಶಬ್ದ ತಡೆಯ ವಸ್ತುಗಳಲ್ಲಿ ಮನೆಯ ಎಕ್ಸಾಸ್ಟ್ ಫ್ಯಾನಿಗೆ ಇದಕ್ಕಿಂತ ಅಗ್ಗವಾದದ್ದೂ ಉಪಯುಕ್ತವಾದದ್ದೂ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ವೇಗ ತಗ್ಗಿಸಿದಾಗ ಗುಂಯ್‌ಗುಟ್ಟಿದರೆ ಕೆಪಾಸಿಟರ್ ಬಗೆಯದನ್ನು ಹಾಕಿಸಿ.

ಹೊಸದು ಕೊಳ್ಳುವವರಿಗೆ ಒಂದು ಲೆಕ್ಕ. ವೇಗ ಅರ್ಧಕ್ಕಿಳಿದರೆ ಫ್ಯಾನಿನ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಗೋಡೆಗೆ ನೇರ ಕೂರಿಸುವ 9 ಇಂಚಿನದರ ಬದಲು ಅದೇ ವಿನ್ಯಾಸದ 12 ಇಂಚಿನದನ್ನು ನಿಧಾನವಾಗಿ ಓಡಿಸಿ ಅಷ್ಟೇ ಗಾಳಿ ಎಳೆದರೆ ಲೆಕ್ಕದ ಪ್ರಕಾರ 10 ಡೆಸಿಬೆಲ್ ಕಡಿಮೆ. ಕಿವಿಗೆ ಅರ್ಧದಷ್ಟು ಕೇಳುತ್ತದೆ. ನಾವು ಬೆಲೆ, ಇಂಚು ಕೇಳುತ್ತೇವೆಯೇ ಹೊರತು ಎಷ್ಟು ಡೆಸಿಬೆಲ್ ಎಂದು ಕೇಳುವವರು ವಿರಳ.

ಗ್ಲಾಸ್ ವೂಲ್, ಕಲ್ಲಿನಿಂದ ತೆಗೆದ ಅಂಥದೇ ಎಳೆಯ ರಾಕ್ ವೂಲ್‌ಗಳ ಸರದಿ ಕೊನೆಗೆ. ಬಚ್ಚಲಿನ ಫ್ಯಾನಿಗೆ ಕೊಳವೆ ಜೋಡಿಸುವ ಜಾಗವಿದ್ದರೆ, ಒಳಗೆ ವೂಲ್ ಹೊದಿಸಿ ಅದರ ಮೇಲೆ ತೂತಿನ ತಗಡು ಹಾಕಿದ ಮೀಟರುದ್ದದ ಕೊಳವೆ, ನಡುವೆ ಒಂದು ತಿರುವು, ಅಷ್ಟಾದರೆ ಫಲ ಚೆನ್ನಾಗಿ ಕಾಣುತ್ತದೆ. ಕೆಲಸ ಮಾಡುವವರಿಗೆ ಕೈಗವಸು, ಮಾಸ್ಕ್ ಕಡ್ಡಾಯ, ಗಾಜಿನ ಎಳೆ ಚರ್ಮಕ್ಕೆ ಚುಚ್ಚುತ್ತದೆ. ಅಡುಗೆಮನೆಯ ಕೊಳವೆಗೆ ಇದು ಬೇಡ. ವೂಲ್ ಎಣ್ಣೆ ಕುಡಿದು ಬೆಂಕಿಗೆ ಬತ್ತಿಯಾಗುತ್ತದೆ. ಒಲೆಯ ಹತ್ತಿರ ಯಾವ ಫೋಮನ್ನೂ ಅಂಟಿಸಬೇಡಿ, ಈಗಾಗಲೇ ಅಂಟಿಸಿದ್ದರೆ ಇವತ್ತೇ ಕಿತ್ತುಹಾಕಿ.