ಉಪ್ಪಿನಲ್ಲಿ ಕೂತ ಯತಿ ಮಮ್ಮಿಯಲ್ಲ

2019ರ ಡಿಸೆಂಬರ್ 29ರ ಬೆಳಿಗ್ಗೆ ಉಡುಪಿಯಲ್ಲಿ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ ತೀರಿಕೊಂಡರು. ಪಾರ್ಥಿವ ಶರೀರವನ್ನು ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ತಂದು ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ದರ್ಶನಕ್ಕಿಟ್ಟರು. ಅಂದೇ ಕತ್ರಿಗುಪ್ಪೆಯ ಪೂರ್ಣಪ್ರಜ್ಞ ವಿದ್ಯಾಪೀಠದಲ್ಲಿ, ಅವರೇ 1956ರಲ್ಲಿ ಕಟ್ಟಿದ ಸಂಸ್ಥೆಯ ಅಂಗಳದಲ್ಲಿ, ಬೃಂದಾವನ ಪ್ರವೇಶ ನಡೆಯಿತು. ಅದೇ ವರ್ಷದ ಜನವರಿಯಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ತಮ್ಮ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಅವರ ಕ್ರಿಯಾಸಮಾಧಿಯನ್ನೂ ನಾಡು ಟಿ.ವಿ.ಯಲ್ಲಿ ನೋಡಿತ್ತು. ಎರಡರಲ್ಲೂ ದೇಹ ಕುಳಿತ ಭಂಗಿಯಲ್ಲಿತ್ತು. ಯತಿಗಳ ಗುಂಡಿಗೆ ಉಪ್ಪು, ಕರ್ಪೂರ, ಗಂಧ, ಕಾಳುಮೆಣಸು ಸುರಿಯುವುದು ಹಳೆಯ ರೂಢಿ. ವೀರಶೈವ ಮಠಗಳಲ್ಲಿ ಇವುಗಳ ಜೊತೆ, ಕೆಲವೊಮ್ಮೆ ಇವುಗಳಿಗಿಂತ ಹೆಚ್ಚಾಗಿ, ವಿಭೂತಿ ಗಟ್ಟಿ ಮತ್ತು ಬಿಲ್ವಪತ್ರೆ.

ಇಂಥದ್ದೊಂದು ನೋಡಿದ ಮೇಲೆ ಗಾಂಧಿಬಜಾರಿನ ಕಾಫಿ ಕಟ್ಟೆಗಳಲ್ಲಿ, ಸಂಪಿಗೆ ರಸ್ತೆಯ ಮೂಲೆಗಳಲ್ಲಿ ಒಂದು ಮಾತು ಏಳುತ್ತದೆ. “ಈಜಿಪ್ಟಿನವರು ಮಾಡಿದ್ದು ಇದನ್ನೇ ಅಲ್ವೇನ್ರೀ? ಉಪ್ಪು ಹಾಕಿದ್ಮೇಲೆ ದೇಹ ಕೊಳೆಯೋದೇ ಇಲ್ಲ. ಸಾವಿರ ವರ್ಷ ಬಿಟ್ಟು ತೆಗೆದರೂ ಹಾಗೇ ಕೂತಿರುತ್ತೆ.” ಹೇಳುವವರಲ್ಲಿ ಭಕ್ತಿಯೂ ಇರುತ್ತದೆ, ನಮ್ಮವರೇನು ಕಡಿಮೆ ಎಂಬ ಹೆಮ್ಮೆಯೂ ಇರುತ್ತದೆ. ಅಂದು ದರ್ಶನ ನಡೆದ ಮೈದಾನಕ್ಕೆ ಹೆಸರು ಕೊಟ್ಟ ನ್ಯಾಷನಲ್ ಕಾಲೇಜು ಎಚ್. ನರಸಿಂಹಯ್ಯನವರದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆಂದೇ ಸಮಿತಿ ರಚಿಸಿದವರು ಅವರು. ಹಾಗಾಗಿ ಈ ಮಾತನ್ನು ಒರೆಗೆ ಹಚ್ಚಿದರೆ ಅಲ್ಲಿ ಯಾರಿಗೂ ಬೇಸರವಾಗಬಾರದು.

ಉಪ್ಪು ಹಾಕಿದರೆ ಮಮ್ಮಿ ಆಗುತ್ತದೆಯೇ?

ಆಗುವುದಿಲ್ಲ. ಈಜಿಪ್ಟಿನವರು ಬಳಸಿದ್ದು ಅಡುಗೆ ಉಪ್ಪಲ್ಲ, ನೇಟ್ರಾನ್. ಕೈರೋದ ವಾಯವ್ಯಕ್ಕಿರುವ ವಾದಿ ನತ್ರುನ್ ಎಂಬ ತಗ್ಗಿನ ಕೆರೆಗಳು ಬತ್ತಿದಾಗ ಸಿಗುತ್ತಿದ್ದ ಖನಿಜ ಅದು. ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್, ಅವುಗಳ ಜೊತೆ ಒಂದಿಷ್ಟು ಉಪ್ಪು. ಅದು ನೀರನ್ನು ಹೀರುವುದಲ್ಲದೆ ಕೊಬ್ಬನ್ನೂ ಕರಗಿಸುತ್ತದೆ. ಅದನ್ನು ಹಾಕುವ ಮೊದಲೇ ಎಡ ಪಕ್ಕೆ ಸೀಳಿ ಶ್ವಾಸಕೋಶ, ಯಕೃತ್ತು, ಜಠರ, ಕರುಳು ತೆಗೆದಿರುತ್ತಿದ್ದರು. ಬೇಗ ಕೊಳೆಯುವುದು ಇವೇ. ಮಿದುಳನ್ನು ಬಹುತೇಕ ಮೂಗಿನ ಮೂಲಕ ಎಳೆದು ಎಸೆಯುತ್ತಿದ್ದರು. ಹೃದಯವನ್ನು ಮಾತ್ರ ಬಿಡುತ್ತಿದ್ದರು, ಪರಲೋಕದಲ್ಲಿ ತೂಕಕ್ಕೆ ಬೇಕಾದದ್ದು ಅದೇ ಎಂದು. ಒಣಗಿಸಲು ಸುಮಾರು 40 ದಿನ. ಎಣ್ಣೆ, ರಾಳ, ನಾರುಬಟ್ಟೆಯ ಸುತ್ತು ಎಲ್ಲ ಸೇರಿ 70 ದಿನದ ಕೆಲಸ. ಇದೆಲ್ಲ ನಡೆದದ್ದು ವರ್ಷಕ್ಕೆ ಎರಡೂವರೆ ಸೆಂಟಿಮೀಟರ್ ಮಳೆಯೂ ಗಟ್ಟಿಯಾಗಿ ಬೀಳದ ಮರಳುಗಾಡಿನಲ್ಲಿ.

ನಮ್ಮಲ್ಲಿ ಕರುಳು ತೆಗೆಯುವುದಿಲ್ಲ, ಒಣಗಿಸುವುದಿಲ್ಲ. ತೀರಿಕೊಂಡ ದಿನ ಅಥವಾ ಮರುದಿನ ಮಣ್ಣು ಮಾಡಿ ಮುಗಿಯುತ್ತದೆ. ಬೆಂಗಳೂರಿನ ಕೆಂಪು ಮಣ್ಣಿಗೆ ವರ್ಷಕ್ಕೆ ಸುಮಾರು 97 ಸೆಂಟಿಮೀಟರ್ ಮಳೆ. ಒದ್ದೆ ನೆಲದೊಳಗಿನ ಉಪ್ಪು ತಾನೇ ಕರಗಿ ನೀರಾಗುತ್ತದೆ. ಹೆಚ್ಚೆಂದರೆ ಅದು ಕೊಳೆಯುವುದನ್ನು ನಿಧಾನ ಮಾಡೀತು, ವಾಸನೆ ತಡೆದೀತು, ನಾಯಿ ನರಿಗಳು ಗುಂಡಿ ಕೆದಕದಂತೆ ನೋಡಿಕೊಂಡೀತು. ಕರ್ಪೂರ, ಮೆಣಸಿನ ಕೆಲಸವೂ ಇಷ್ಟೇ.

ಉಪ್ಪೂ ಇಲ್ಲದೆ, ಯಾರ ಕೈಚಳಕವೂ ಇಲ್ಲದೆ ಉಳಿದ ದೇಹಗಳೂ ಉಂಟು. ಹಿಮಾಚಲದ ಸ್ಪಿತಿ ಕಣಿವೆಯ ಗ್ಯೂ ಎಂಬ ಹಳ್ಳಿಯಲ್ಲಿ ಬೌದ್ಧ ಭಿಕ್ಷುವೊಬ್ಬರು ಮಂಡಿ ಮಡಚಿ ಕುಳಿತಂತೆಯೇ ಸುಮಾರು 500 ವರ್ಷಗಳಿಂದ ಇದ್ದಾರೆ. ಊರಿನವರು ಅವರನ್ನು ಸಂಘ ತೆನ್ಜಿನ್ ಎಂದು ಕರೆಯುತ್ತಾರೆ. 1975ರ ಭೂಕಂಪದ ನಂತರ ಅವರ ಸಮಾಧಿ ಹೊರಗೆ ಕಂಡಿತು. ಅಲ್ಲಿ ದೇಹ ಕಾದದ್ದು ಒಣ ಚಳಿ. ಈಜಿಪ್ಟಿನಲ್ಲೇ, ಫರೋಗಳಿಗಿಂತ ಮೊದಲು, ಬರೀ ಬಿಸಿ ಮರಳಿನಲ್ಲಿ ಹೂತ ದೇಹಗಳು ಕೂದಲು ಸಮೇತ ಉಳಿದಿವೆ. ದೇಹ ಉಳಿಯುವುದರಲ್ಲಿ ಮಸಾಲೆಗಿಂತ ಹವೆಯ ಪಾಲು ದೊಡ್ಡದು. ಈ ವಿಷಯದಲ್ಲಿ ಬೆಂಗಳೂರಿನ ಹವೆ ನಂಬಿಕಸ್ಥವಲ್ಲ.

ಹಾಗಾದರೆ ಯತಿಗಳನ್ನು ಸುಡುವುದೇಕಿಲ್ಲ?

ನನಗೆ ಇದೇ ಹೆಚ್ಚು ಮುಖ್ಯವಾದ ಪ್ರಶ್ನೆ. ಕೊಳೆಯುವ ಲೆಕ್ಕ ರಸಾಯನಶಾಸ್ತ್ರದ್ದು, ಬೇಗ ಮುಗಿಯುತ್ತದೆ. ಆದರೆ ‘ಅದೂ ಇದೂ ಒಂದೇ’ ಎಂಬ ಮಾತು ಎರಡು ನಾಗರಿಕತೆಗಳು ಸಾವನ್ನು ಕಂಡ ಬಗೆಯನ್ನೇ ಕಲಸಿಬಿಡುತ್ತದೆ.

ಈಜಿಪ್ಟಿನವನಿಗೆ ದೇಹ ಬೇಕೇ ಬೇಕು. ಸತ್ತವನ ಚೇತನದ ಒಂದು ಅಂಶ ಹಗಲು ಹೊರಗೆ ಅಲೆದು ರಾತ್ರಿ ಆ ದೇಹಕ್ಕೇ ಮರಳಬೇಕು. ಗುರುತು ಸಿಗದಷ್ಟು ಕೆಟ್ಟಿದ್ದರೆ ಅದು ಮರಳುವುದೆಲ್ಲಿಗೆ? ಅದಕ್ಕೇ ಅಷ್ಟು ಖರ್ಚು. ನಮ್ಮ ಸನ್ಯಾಸಿಯ ದಾರಿ ತದ್ವಿರುದ್ಧ. ಸನ್ಯಾಸ ಸ್ವೀಕರಿಸುವಾಗಲೇ ಅವನು ವಿರಜಾ ಹೋಮ ಮಾಡುತ್ತಾನೆ, ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳುತ್ತಾನೆ, ಅಗ್ನಿಯನ್ನು ತ್ಯಜಿಸುತ್ತಾನೆ. ಗೃಹಸ್ಥನ ಚಿತೆಗೆ ಹಚ್ಚುವ ಬೆಂಕಿ ಅವನ ಮನೆಯ ಅಗ್ನಿಯ ಮುಂದುವರಿಕೆ. ಅಗ್ನಿಯನ್ನೇ ಬಿಟ್ಟವನಿಗೆ ಚಿತೆ ಹಚ್ಚುವುದು ಯಾವುದರಿಂದ? ಲೋಕದ ಲೆಕ್ಕದಲ್ಲಿ ಅವನ ಅಂತ್ಯಕ್ರಿಯೆ ಎಂದೋ ಮುಗಿದಿದೆ. ಹೂಳುವುದು ದೇಹ ಉಳಿಯಲೆಂದಲ್ಲ, ಸುಡುವ ಕರ್ಮ ಬಾಕಿ ಇಲ್ಲವೆಂದು. ಯತಿಸಂಸ್ಕಾರದ ವಿಧಿಯಲ್ಲಿ ನೆತ್ತಿಯನ್ನು ಶಂಖದಿಂದ ಭೇದಿಸುವ ಕ್ರಮವೂ ಇದೆ. ಕೆಲವು ಕಡೆ ಶಂಖದ ಬದಲು ತೆಂಗಿನಕಾಯಿ. ದೇಹವನ್ನು ಕಾಪಿಡಬೇಕೆಂದವರು ತಲೆಬುರುಡೆಗೆ ಏಟು ಹಾಕುತ್ತಿದ್ದರೇ?

ಪ್ರತಿ ಬೃಂದಾವನದ ಕೆಳಗೂ ಗುರುಗಳಿದ್ದಾರೆಯೇ?

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ರಾಯರ ಮಠಗಳು ಹಲವು. ಹೊರಗಿನಿಂದ ಬಂದವರಿರಲಿ, ಗುರುವಾರ ತಪ್ಪದೆ ಹೋಗುವ ಮನೆಗಳ ಮಕ್ಕಳೂ “ಇದರೊಳಗೆ ರಾಯರು ಇದ್ದಾರಾ?” ಎಂದು ಕೇಳುತ್ತಾರೆ. ರಾಯರು, ಅಂದರೆ ರಾಘವೇಂದ್ರ ಸ್ವಾಮಿಗಳು, 1671ರಲ್ಲಿ ಬೃಂದಾವನಸ್ಥರಾದದ್ದು ತುಂಗಭದ್ರೆಯ ದಡದ ಮಂತ್ರಾಲಯದಲ್ಲಿ. ಮೂಲ ಬೃಂದಾವನ ಅದೊಂದೇ. ಉಳಿದೆಡೆ ಇರುವುದು ಮೃತ್ತಿಕಾ ಬೃಂದಾವನ; ಮೂಲ ಸ್ಥಳದ ಮಣ್ಣನ್ನು ತಂದು ಪ್ರತಿಷ್ಠೆ ಮಾಡಿದ್ದು. ಹೀಗೆ ಒಂದು ಹಿಡಿ ಮಣ್ಣೇ ಸಾಕೆನ್ನುವ ಸಂಪ್ರದಾಯಕ್ಕೆ ದೇಹದ ಮೇಲೆ ಎಷ್ಟು ಮೋಹವಿದ್ದೀತು ಎಂದು ಓದುಗರೇ ಊಹಿಸಬಹುದು.

ಹಿಂದೂಗಳೆಲ್ಲ ಸುಡುತ್ತಾರೆ, ಮುಸ್ಲಿಮರು ಮತ್ತು ಕ್ರೈಸ್ತರು ಮಾತ್ರ ಹೂಳುತ್ತಾರೆ?

ಪಠ್ಯಪುಸ್ತಕಗಳು ಹುಟ್ಟಿಸಿದ ಅರೆಸತ್ಯ ಇದು. ಚಾಮರಾಜಪೇಟೆಯ ಟಿ.ಆರ್. ಮಿಲ್ ರುದ್ರಭೂಮಿಗೋ ಮಲ್ಲೇಶ್ವರದವರು ಹೋಗುವ ಹರಿಶ್ಚಂದ್ರ ಘಾಟಿಗೋ ಒಮ್ಮೆ ಹೋದವರಿಗೆ ಗೊತ್ತು, ಅಲ್ಲಿ ಸುಡುವ ಜಾಗವೂ ಇದೆ, ಸಾಲು ಸಾಲು ಸಮಾಧಿಗಳೂ ಇವೆ. ಲಿಂಗಾಯತರು ಹೂಳುತ್ತಾರೆ. ಒಕ್ಕಲಿಗರೂ ಸೇರಿದಂತೆ ಹಲವು ಸಮುದಾಯಗಳಲ್ಲಿ ತಮ್ಮ ಹೊಲದಲ್ಲೇ ಹೂಳುವ ಮನೆಗಳಿವೆ. ಸುಡುವ ಜಾತಿಗಳಲ್ಲೂ ಹಲ್ಲು ಹುಟ್ಟದ ಕೂಸನ್ನು ಸುಡುವುದಿಲ್ಲ.

ಲಿಂಗಾಯತರ ಕುಳಿತ ಭಂಗಿಯ ಬಗ್ಗೆಯೂ ಒಂದು ಕಥೆ ಓಡಾಡುತ್ತದೆ, ಸತ್ತವರು ಮತ್ತೆ ಏಳಲೆಂದು ಹಾಗೆ ಕೂರಿಸುತ್ತಾರಂತೆ. ಶುದ್ಧ ಕಲ್ಪನೆ. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜೆಗೆ ಕೂತಂತೆ ಕೂರಿಸುವುದು, ಬದುಕಿದ್ದಾಗ ದಿನವೂ ಕೂತ ಭಂಗಿ ಅದೇ ಎಂದು. ಶರಣರ ಮಾರ್ಗದಲ್ಲಿ ಸಾವೆಂದರೆ ಲಿಂಗದಲ್ಲಿ ಐಕ್ಯ. ಸಾವಿನ ಸೂತಕವನ್ನೇ ಒಪ್ಪದ ಧರ್ಮ ಅದು. ಐಕ್ಯವಾದವರು ಎದ್ದು ಬರುವ ಮಾತೆಲ್ಲಿ?

ಬೆಂಗಳೂರಿನಲ್ಲಿ ನಿಜಕ್ಕೂ ಕಾಪಿಟ್ಟ ದೇಹಗಳು

ಅವು ಇವೆ, ಆದರೆ ಮಠಗಳಲ್ಲಲ್ಲ. ಚಾಮರಾಜಪೇಟೆಯಿಂದ ನಡೆದೇ ಹೋಗುವಷ್ಟು ಹತ್ತಿರ, ಕೋಟೆಯ ಬಳಿ, 1955ರಲ್ಲಿ ಶುರುವಾದ ಬೆಂಗಳೂರು ವೈದ್ಯಕೀಯ ಕಾಲೇಜಿದೆ. ಯಾವುದೇ ವೈದ್ಯಕೀಯ ಕಾಲೇಜಿನಂತೆ ಅಲ್ಲಿನ ಅಂಗರಚನಾ ವಿಭಾಗದಲ್ಲೂ ಮೊದಲ ವರ್ಷದ ವಿದ್ಯಾರ್ಥಿಗಳು ಮನುಷ್ಯನನ್ನು ಓದುವುದು ಕಾಪಿಟ್ಟ ದೇಹದಿಂದಲೇ. ಕತ್ತಿನ ಅಥವಾ ತೊಡೆಯ ರಕ್ತನಾಳದ ಮೂಲಕ ಫಾರ್ಮಲಿನ್ ಸೇರಿದ ದ್ರಾವಣ ಹರಿಸುತ್ತಾರೆ. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ಗಟ್ಟಿ ಮಾಡುತ್ತದೆ, ಕೊಳೆಸುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಕರುಳು ತೆಗೆಯುವ ಅಗತ್ಯವಿಲ್ಲ. ಅಮೆರಿಕದ ಮಗ ಬರುವವರೆಗೆ ಮನೆ ಮುಂದೆ ಬಾಡಿಗೆಗೆ ತಂದಿಡುವ ಫ್ರೀಜರ್ ಪೆಟ್ಟಿಗೆ ಬೇರೆ. ಅದು ತಣ್ಣಗಿಟ್ಟು ಒಂದೆರಡು ದಿನ ತಡೆ ಹಾಕುತ್ತದೆ, ಅಷ್ಟೆ. ಆ ಪೆಟ್ಟಿಗೆಯ ಗಾಜಿನೊಳಗೆ ಕಂಡ ‘ಮುಖದ ಕಳೆ’ಯ ಬಗ್ಗೆ, ಸತ್ತ ಮೇಲೂ ಬೆಳೆದ ಗಡ್ಡ ಉಗುರಿನ ಬಗ್ಗೆ ಹೇಳುವವರಿದ್ದಾರೆ. ಚರ್ಮದ ನೀರು ಆರಿ ಅದು ಹಿಂದಕ್ಕೆ ಸರಿಯುತ್ತದೆ, ಗಡ್ಡ ಉಗುರು ಮುಂದೆ ಬಂದಂತೆ ತೋರುತ್ತದೆ. ಯಾವುದೂ ಬೆಳೆಯುವುದಿಲ್ಲ.

ದೇಹದಾನ ಮಾಡಿದರೆ ಮೋಕ್ಷವಿಲ್ಲ, ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡ ಎನ್ನುವ ಮಾತು ಬಸವನಗುಡಿಯ ಓದಿದ ಮನೆಗಳಲ್ಲೂ ಕೇಳುತ್ತದೆ. ದೇಹ ಹಳೆಯ ಬಟ್ಟೆ ಎಂದು ಗೀತೆಯ ಪ್ರವಚನ ಕೇಳಿ ತಲೆದೂಗಿ, ಮನೆಗೆ ಬಂದು ಕಾರ್ನಿಯಾದ ಲೆಕ್ಕ ಹಾಕುವುದು ನನಗಂತೂ ಅರ್ಥವಾಗುವುದಿಲ್ಲ. 2006ರಲ್ಲಿ ನಟ ರಾಜಕುಮಾರ್ ಕಣ್ಣು ಕೊಟ್ಟು ಹೋದರು. 2021ರಲ್ಲಿ ಪುನೀತ್ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅಪ್ಪ ಮಗ ಇಬ್ಬರನ್ನೂ ಕಂಠೀರವ ಸ್ಟುಡಿಯೋದಲ್ಲಿ ಮಣ್ಣು ಮಾಡಿದರು, ಯಾವ ಶಾಸ್ತ್ರಕ್ಕೂ ಅಡ್ಡಿಯಾಗಲಿಲ್ಲ. ದೇಹದಾನಕ್ಕೆ ನಮ್ಮಲ್ಲಿ 1957ರ ಕರ್ನಾಟಕ ಅಂಗರಚನಾ ಕಾಯ್ದೆಯ ಆಧಾರವಿದೆ. ದೇಹ ಕೊಟ್ಟ ಮೇಲೂ ಹದಿಮೂರು ದಿನದ ಕರ್ಮ ಮಾಡುವ ಕುಟುಂಬಗಳಿವೆ.

ಈಜಿಪ್ಟಿನ ಬಗ್ಗೆಯೇ ಇರುವ ಗಾಳಿಮಾತುಗಳು

ಮಮ್ಮಿಯ ಸುತ್ತಿನ ಬಟ್ಟೆ ಭಾರತದ ಮಸ್ಲಿನ್ ಎನ್ನುವುದು ವಾಟ್ಸಾಪಿನ ಅಚ್ಚುಮೆಚ್ಚು. ಅದು ಅಗಸೆ ನಾರಿನ ಬಟ್ಟೆ, ನೈಲ್ ದಡದ ಬೆಳೆ. ಮಮ್ಮಿಯಾದವರು ರಾಜರಷ್ಟೇ ಅಲ್ಲ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಂತೆ ಈ ಕೆಲಸಕ್ಕೆ ಮೂರು ದರ್ಜೆಯ ಬೆಲೆಯಿತ್ತು. ಬೆಕ್ಕು, ಕೊಕ್ಕರೆ, ಮೊಸಳೆಗಳೂ ಮಮ್ಮಿಯಾದವು. ಶಾಪದ ಕಥೆಯೋ? ತೂತಾಂಖಾಮನ್ ಗೋರಿ 1922ರ ನವೆಂಬರಿನಲ್ಲಿ ಸಿಕ್ಕಿತು, ಹಣ ಹಾಕಿದ ಲಾರ್ಡ್ ಕಾರ್ನಾರ್ವನ್ 1923ರ ಏಪ್ರಿಲಿನಲ್ಲಿ ಸೊಳ್ಳೆ ಕಚ್ಚಿದ ಗಾಯ ಕೀತು ಸತ್ತ. ಆದರೆ ಗೋರಿಯನ್ನು ಹುಡುಕಿದ, ಮಮ್ಮಿಯನ್ನು ವರ್ಷಗಟ್ಟಲೆ ಮುಟ್ಟಿದ ಹೊವಾರ್ಡ್ ಕಾರ್ಟರ್ 1939ರವರೆಗೆ ಬದುಕಿದ್ದ.

ನಮ್ಮವರು ಹೆಮ್ಮೆಪಡಬಹುದಾದ ನಂಟು ಒಂದಿದೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಕ್ರಿ.ಪೂ. 1213ರಲ್ಲಿ ಸತ್ತ ಫರೋ ಎರಡನೇ ರಾಮ್ಸೆಸನ ಮಮ್ಮಿಯ ಮೂಗಿನೊಳಗೆ ಕಾಳುಮೆಣಸು ಸಿಕ್ಕಿದೆ. ಕಾಳುಮೆಣಸಿನ ತವರು ನಮ್ಮ ಪಶ್ಚಿಮ ಘಟ್ಟ. ಮೂರು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಆ ಕಾಳು ಕಡಲು ದಾಟಿತ್ತು. ಫರೋನ ಮೂಗಿನಲ್ಲೂ ಯತಿಯ ಗುಂಡಿಯಲ್ಲೂ ಮೆಣಸಿನ ಗುಣ ಒಂದೇ, ಬಳಸಿದ ಉದ್ದೇಶ ಬೇರೆ.

ಮಮ್ಮಿ ನೋಡಲೇಬೇಕೆಂದು ಹಟ ಹಿಡಿವ ಮಕ್ಕಳನ್ನು ಕರೆದೊಯ್ಯಲು ಹತ್ತಿರದ ಜಾಗ ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್. ಅಲ್ಲಿನ ರಾಜ್ಯ ವಸ್ತುಸಂಗ್ರಹಾಲಯದಲ್ಲಿರುವ ಹೆಣ್ಣುಮಗಳ ಹೆಸರು ನೈಶು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕೊಟ್ಟದ್ದು. ಆರನೇ ಟಾಲೆಮಿಯ ಮಗಳು, 2,500 ವರ್ಷ ಹಳೆಯವಳು ಎಂದು ಪತ್ರಿಕೆಗಳು ಒಂದೇ ಉಸಿರಿನಲ್ಲಿ ಬರೆಯುತ್ತವೆ. ಆರನೇ ಟಾಲೆಮಿ ಆಳಿದ್ದು ಕ್ರಿ.ಪೂ. 2ನೇ ಶತಮಾನದಲ್ಲಿ, ಹಾಗಾಗಿ ಎರಡೂ ನಿಜವಾಗಲು ಸಾಧ್ಯವಿಲ್ಲ. ನೇಟ್ರಾನ್, ರಾಳ, ನಾರುಬಟ್ಟೆ ಎಲ್ಲ ಇದ್ದರೂ ದಖನಿನ ತೇವದಲ್ಲಿ ಅವಳು ಕೆಡತೊಡಗಿದ್ದಳು; ಈಗ ಆಮ್ಲಜನಕ ತೆಗೆದ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ. ಜೈಪುರದ ಆಲ್ಬರ್ಟ್ ಹಾಲ್ ನೆಲಮಾಳಿಗೆಗೆ 2020ರ ಆಗಸ್ಟಿನಲ್ಲಿ ಮಳೆನೀರು ನುಗ್ಗಿದಾಗ, ತೂತು ಎಂಬ ಮಮ್ಮಿಯನ್ನು ಸಿಬ್ಬಂದಿ ಗಾಜಿನ ಪೆಟ್ಟಿಗೆ ಒಡೆದು ಹೊರಗೆ ತಂದರು.