ಅನ್ನದ ಉಂಡೆ ಎಣ್ಣೆಯಲ್ಲಿ ಒಡೆಯುವುದೇಕೆ?

ಪ್ರಶ್ನೆ: ಇಟಲಿಯ ಕರಿದ ಅನ್ನದುಂಡೆ ಅರಂಚೀನಿಯನ್ನು ಮನೆಯಲ್ಲಿ ಬಾಸ್ಮತಿ ಅಕ್ಕಿಯಿಂದ ಮಾಡಿದೆ. ಉಂಡೆಗಳೆಲ್ಲ ಬಾಣಲೆಯಲ್ಲಿ ಒಡೆದು ಚೆದುರಿದವು. ಏನು ಕಾರಣ?
– ಓದುಗರು, ನೊಯ್ಡಾ

ಉತ್ತರ: ಕಾರಣ ಅಕ್ಕಿಯಲ್ಲೇ ಇದೆ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎಂಬ ಎರಡು ಬಗೆ. ಬಾಸ್ಮತಿಯಲ್ಲಿ ಅಮೈಲೋಸ್ ಹೆಚ್ಚು. ಹಾಗಾಗಿ ಅನ್ನ ಉದುರುದುರಾಗಿರುತ್ತದೆ. ಪುಲಾವಿಗೆ ಅದು ಚೆನ್ನ, ಉಂಡೆಗೆ ಒಗ್ಗುವುದಿಲ್ಲ. ಅರಂಚೀನಿಯ ತವರು ಸಿಸಿಲಿ ದ್ವೀಪ. ಕಿತ್ತಳೆಯ ಬಣ್ಣ, ಆಕಾರದಿಂದಲೇ ಅದಕ್ಕೆ ಆ ಹೆಸರು. ಅಲ್ಲಿ ಬಳಸುವುದು ಬೆಂದಾಗ ಅಂಟುವ ಗಿಡ್ಡ ಕಾಳಿನ ಅಕ್ಕಿ.

ಅಂಥ ಅರ್ಬೋರಿಯೊ ಅಕ್ಕಿ ದೆಹಲಿಯ ಐಎನ್‌ಎ ಮಾರುಕಟ್ಟೆಯಲ್ಲಿ ಸಿಗುತ್ತದೆ. ದುಬಾರಿ ಎನಿಸಿದರೆ ನಮ್ಮ ಸೋನಾ ಮಸೂರಿಯೇ ಸಾಕು. ಮೊಸರನ್ನಕ್ಕೆ ಬೇಯಿಸುವಷ್ಟು ಮೆತ್ತಗೆ ಬೇಯಿಸಿ, ನೀರು ಪೂರ್ತಿ ಇಂಗಿಸಿ, ಬೆಣ್ಣೆ ಮತ್ತು ತುರಿದ ಚೀಸ್ ಕಲಸಿ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ತಣಿದಾಗ ಪಿಷ್ಟ ಗಟ್ಟಿಯಾಗಿ ಅನ್ನ ಹಿಡಿದುಕೊಳ್ಳುತ್ತದೆ.

ಕಡುಬಿಗೆ ಹೂರಣ ತುಂಬುವಂತೆ ಬಟಾಣಿ, ಚೀಸ್ ಇಟ್ಟು ಬಿರುಕಿಲ್ಲದಂತೆ ಮುಚ್ಚಿ. ಮೈದಾ ಹಿಟ್ಟಿನ ತೆಳು ಸಂಪಣದಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ. ಎಣ್ಣೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ಕಾದಿರಲಿ. ಒಂದು ಸಲಕ್ಕೆ ಮೂರ್ನಾಲ್ಕೇ ಬಿಡಿ. ಹೆಚ್ಚು ಹಾಕಿದರೆ ಎಣ್ಣೆ ತಣಿದು, ಉಂಡೆ ಅದನ್ನು ಹೀರಿ ಸಡಿಲವಾಗುತ್ತದೆ.

ಕೊನೆಗೊಂದು ಎಚ್ಚರಿಕೆ: ದೆಹಲಿಯ ಬೇಸಿಗೆಯಲ್ಲಿ ಬೆಂದ ಅನ್ನವನ್ನು ಹೊರಗೆ ಬಿಡಬೇಡಿ. ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಕರಿದರೂ ಹೋಗುವುದಿಲ್ಲ. ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಸೇರಿಸಿ.