ಹಿಂದಕ್ಕೆ ತೆಗೆಯುವಾಗ ತಾಗಿತು, ಸಾರ್!

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ಪಕ್ಕದಲ್ಲಿ ಕಬ್ಬಿಣ-ಸಿಮೆಂಟಿನ ಅಂಗಡಿಯೊಂದಿದೆ. ಒಂದು ಸಂಜೆ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ನಾನು ಪ್ರಯೋಗಾಲಯದಲ್ಲಿ ಕುಳಿತು ದಾಸ್ತಾನು ಪುಸ್ತಕ ಬರೆಯುತ್ತಿದ್ದೆ. ಖಾಕಿ ಅಂಗಿಯ ನಡುವಯಸ್ಸಿನವರೊಬ್ಬರು ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ನಿಂತರು. “ಸಾರ್, ರಿವರ್ಸ್ ತೆಗೆಯುವಾಗ ನನ್ನ ಗಾಡಿ ನಿಮ್ಮ ಕಾಂಪೌಂಡಿಗೆ ತಾಗಿಬಿಡ್ತು. ಒಂದ್ಸಲ ಬಂದು ನೋಡ್ತೀರಾ?” ಎಂದರು.

ಹೋಗಿ ನೋಡಿದೆ. 12 ಮೀಟರ್ ಉದ್ದದ ಕಬ್ಬಿಣದ ಸರಳುಗಳನ್ನು ಹೊತ್ತ ಟ್ರೇಲರ್ ಲಾರಿ. ಗೋಡೆಯ ಮೂಲೆಯಲ್ಲಿ ನಾಲ್ಕೈದು ಇಟ್ಟಿಗೆ ಸಡಿಲಗೊಂಡಿದ್ದವು. ಯಾರೂ ನೋಡಿರಲಿಲ್ಲ. ಅವರು ಹಾಗೆಯೇ ಹೊರಟುಹೋಗಿದ್ದರೆ, ಮಳೆಗೆ ಗೋಡೆ ಶಿಥಿಲವಾಯಿತೆಂದು ನಾವು ಸುಮ್ಮನಾಗುತ್ತಿದ್ದೆವು. ಆದರೆ ಆತ ಅಂಗಡಿಯವರ ಮೂಲಕ ಗಾರೆ ಮೇಸ್ತ್ರಿಯನ್ನು ಕರೆಸಿ, ಖರ್ಚು ವಿಚಾರಿಸಿ, ಮುಖ್ಯೋಪಾಧ್ಯಾಯರ ಎದುರಿಗೇ ಹಣ ಕೊಟ್ಟರು. “ಹೇಳದೆ ಹೋಗಬಹುದಿತ್ತಲ್ಲ?” ಎಂದೆ. “ನಾಳೆನೂ ಇಲ್ಲಿಗೇ ಬರಬೇಕಲ್ಲ ಸಾರ್” ಎಂದು ಗಾಡಿ ಹತ್ತಿದರು.

ಇಷ್ಟು ಅನುಭವವಿರುವ ಚಾಲಕರಿಗೂ ಗೋಡೆ ಏಕೆ ತಾಗುತ್ತದೆ? ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಬಹುದು. ತುದಿಯಲ್ಲಿ ತೂತಿರುವ ಎರಡು ಅಡಿಪಟ್ಟಿಗಳನ್ನು ದಾರದಿಂದ ಸಡಿಲವಾಗಿ ಜೋಡಿಸಿ ಮೇಜಿನ ಮೇಲಿಡಿ. ಒಂದನ್ನು ಎಳೆದರೆ ಇನ್ನೊಂದು ಅದರ ಹಿಂದೆ ನೇರವಾಗಿ ಬರುತ್ತದೆ. ಅದನ್ನೇ ಹಿಂದಕ್ಕೆ ತಳ್ಳಿ. ಜೋಡಣೆ ಒಂದು ಕಡೆಗೆ ಮಡಚಿಕೊಳ್ಳುತ್ತದೆ. ಟ್ರೇಲರಿನ ಕತೆಯೂ ಇದೇ. ಎಂಜಿನ್ ಇರುವ ಮುಂದಿನ ಗಾಡಿಗೂ ಹಿಂದಿನ ಟ್ರೇಲರಿಗೂ ಇರುವ ಕೊಂಡಿ ‘ಕಿಂಗ್‌ಪಿನ್’ ಎಂಬ ಒಂದು ಉಕ್ಕಿನ ಗೂಟ. ಮುಂದಕ್ಕೆ ಹೋಗುವಾಗ ಟ್ರೇಲರು ತಾನಾಗಿ ನೇರವಾಗುತ್ತದೆ. ಹಿಂದಕ್ಕೆ ಬರುವಾಗ ಅಂಗೈ ಮೇಲೆ ನಿಲ್ಲಿಸಿದ ಕೋಲಿನಂತೆ ಅದರ ಸಮತೋಲ ಅಸ್ಥಿರ.

ಲೆಕ್ಕ ನೋಡೋಣ. ಕಿಂಗ್‌ಪಿನ್‌ನಿಂದ ಹಿಂದಿನ ಚಕ್ರಗಳಿಗೆ 8 ಮೀಟರ್ ಎಂದಿಟ್ಟುಕೊಳ್ಳಿ. ಮುಂದಿನ ಗಾಡಿ ನೇರವಾಗಿಯೇ ಹಿಂದೆ ಸರಿಯುತ್ತಿದೆ. ಟ್ರೇಲರು ಮಾತ್ರ 2 ಡಿಗ್ರಿ ಓರೆಯಾಗಿದೆ. 8 ಮೀಟರ್ ಸರಿಯುವಷ್ಟರಲ್ಲಿ ಆ ಓರೆ ಸುಮಾರು 5 ಡಿಗ್ರಿ ದಾಟುತ್ತದೆ. 16 ಮೀಟರ್ ಸರಿದಾಗ ಸುಮಾರು 15 ಡಿಗ್ರಿ! ತಪ್ಪು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ತಿದ್ದುವುದೂ ತಿರುಗುಮುರುಗು: ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರಿನ ಬಾಲ ಎಡಕ್ಕೆ ಹೊರಳುತ್ತದೆ. ಓರೆ ಸಣ್ಣದಿದ್ದಾಗಲೇ ತಿದ್ದಿದರೆ ಸ್ಟೇರಿಂಗನ್ನು ತುಸು ತಿರುಗಿಸಿದರೆ ಸಾಕು. ತಡಮಾಡಿದರೆ ಗಾಡಿಯನ್ನು ಮುಂದಕ್ಕೆ ಎಳೆದು, ನೇರ ಮಾಡಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಬೇಕು.

ಇನ್ನು ಪೆಟ್ಟಿನ ಮಾತು. ಸರಕು ಸೇರಿ 40 ಟನ್ ತೂಗುವ ಗಾಡಿ ಸೆಕೆಂಡಿಗೆ ಒಂದೇ ಮೀಟರ್, ಅಂದರೆ ನಾವು ನಿಧಾನವಾಗಿ ನಡೆಯುವ ವೇಗದಲ್ಲಿ, ಸರಿದರೂ ಅದರ ಚಲನಶಕ್ತಿ 20,000 ಜೌಲ್. ಸವಾರನೂ ಸೇರಿ 200 ಕಿಲೋಗ್ರಾಂ ತೂಗುವ ಸ್ಕೂಟರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುವಾಗ ಇರುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಗೋಡೆ ಕುಸಿದರೂ ಮುಂದೆ ಕುಳಿತ ಚಾಲಕನಿಗೆ ಅದು ಗೊತ್ತೇ ಆಗದಿರಬಹುದು. ಅದಕ್ಕೇ ನಮ್ಮಲ್ಲಿ ಕ್ಲೀನರ್ ಇಳಿದು “ಬರ್ಲಿ, ಬರ್ಲಿ, ಹೋಲ್ಡಾನ್” ಎಂದು ಕೂಗುವುದು. ಅಮೆರಿಕದ ಟ್ರಕ್ ಚಾಲಕರಿಗೂ ‘ಅನುಮಾನವಿದ್ದರೆ ಇಳಿದು ನೋಡು’ ಎಂದೇ ಕಲಿಸುತ್ತಾರೆ.

ತಾಗಿದ್ದು ಗೊತ್ತಾದ ಮೇಲೆ ಕಾನೂನು ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಜನರಿಗೆ ಗಾಯವಾದಾಗ ಮಾತ್ರವಲ್ಲ, ಬೇರೆಯವರ ಆಸ್ತಿಗೆ ಹಾನಿಯಾದಾಗಲೂ ಅನ್ವಯಿಸುತ್ತದೆ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಚಾಲಕ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು. ಹಾಗಿದ್ದೂ ಕೆಲವರು ಏಕೆ ಹೊರಟುಬಿಡುತ್ತಾರೆ? ಎಲ್ಲರೂ ಕೆಟ್ಟವರೆಂದಲ್ಲ. ಜನ ಸೇರಿ ಹೊಡೆದಾರೆಂಬ ಭಯ, ಮಾಲೀಕರು ಸಂಬಳದಲ್ಲಿ ಹಿಡಿದುಕೊಂಡಾರೆಂಬ ಭಯ, ಠಾಣೆಯಲ್ಲಿ ಒಂದು ದಿನ ಕಳೆದೀತೆಂಬ ಭಯ. ನಿಜ ಹೇಳಿದವನಿಗೇ ಹೆಚ್ಚು ನಷ್ಟವೆಂದಾದರೆ ಹೇಳುವವರು ಕಡಿಮೆಯಾಗುತ್ತಾರೆ.

ಈ ಮಾತು ನನಗೆ ನಾಟಿದ್ದಕ್ಕೆ ಕಾರಣವಿದೆ. ಅದೇ ವಾರ ನಮ್ಮ ಪ್ರಯೋಗಾಲಯದಲ್ಲಿ ಥರ್ಮಾಮೀಟರೊಂದು ಒಡೆದಿತ್ತು. ಯಾರು ಒಡೆದರೆಂದು ಎಷ್ಟು ಕೇಳಿದರೂ ಒಬ್ಬರೂ ಬಾಯಿ ಬಿಡಲಿಲ್ಲ. ಸಿಟ್ಟಿನಿಂದ ಇಡೀ ತರಗತಿಗೆ ದಂಡ ಹಾಕಿದ್ದೆ. ಚಾಲಕರು ಹೋದ ಮೇಲೆ ದಾಸ್ತಾನು ಪುಸ್ತಕದ ಮುಂದೆ ಕುಳಿತಾಗ ಹಿಂದಿನ ವರ್ಷದ ಘಟನೆ ನೆನಪಾಯಿತು. ಬೀಕರು ಒಡೆದ ಹುಡುಗನೊಬ್ಬ ತಾನಾಗಿ ಬಂದು ಒಪ್ಪಿಕೊಂಡಿದ್ದ. ನಾನು ಅವನನ್ನು ಎಲ್ಲರೆದುರು ನಿಲ್ಲಿಸಿ ಬೈದಿದ್ದೆ. ಬಾಯಿ ಮುಚ್ಚಿಕೊಂಡಿರುವುದೇ ಲೇಸು ಎಂಬ ಪಾಠವನ್ನು ತರಗತಿಗೆ ಕಲಿಸಿದವನು ನಾನೇ!

ಮರುದಿನ ದಂಡ ರದ್ದು ಮಾಡಿ, ಗೋಡೆಯ ಕತೆಯನ್ನು ಹೇಳಿದೆ. ಬೀಕರಿನ ಹುಡುಗನ ಕ್ಷಮೆಯನ್ನೂ ಕೇಳಿದೆ; ಅವನು ನಾಚಿ ತಲೆ ತಗ್ಗಿಸಿದ. ಥರ್ಮಾಮೀಟರು ಒಡೆದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ಆದರೆ ಎರಡು ತಿಂಗಳ ನಂತರ ಒಬ್ಬಳು ಹುಡುಗಿ ಒಡೆದ ಪ್ರನಾಳದ ಚೂರುಗಳನ್ನು ಕಾಗದದಲ್ಲಿ ಸುತ್ತಿ ತಂದು, “ಸಾರ್, ನನ್ನ ಕೈಯಿಂದ ಜಾರಿತು” ಎಂದಳು. ಕೈಗೆ ಗಾಯವಾಗಿದೆಯೇ ಎಂದು ಮೊದಲು ನೋಡಿದೆ. ನಂತರ ಅವಳ ಕೈಯಲ್ಲೇ ದಾಸ್ತಾನು ಪುಸ್ತಕದಲ್ಲಿ ಬರೆಸಿ, ಪ್ರನಾಳವನ್ನು ಹಿಡಿಯುವ ರೀತಿಯನ್ನು ಮತ್ತೊಮ್ಮೆ ತೋರಿಸಿದೆ.

ಪೋಷಕರಲ್ಲಿ ನನ್ನ ವಿನಂತಿಯೂ ಇಷ್ಟೇ. ಮಗು ಒಡೆದದ್ದನ್ನು ತಾನಾಗಿ ಬಂದು ಹೇಳಿದ ದಿನ, ನಷ್ಟವನ್ನು ತುಂಬಿಕೊಡಲು ಅದಕ್ಕೆ ದಾರಿ ತೋರಿಸಿ, ಬೈಗುಳ ಬೇಡ. ಟ್ರೇಲರಿನ ಓರೆಯನ್ನು 2 ಡಿಗ್ರಿ ಇರುವಾಗಲೇ ತಿದ್ದುವುದು ಸುಲಭವಲ್ಲವೇ?